ನೀರು ಹೆಚ್ಚಾಗ್ಯಾವ

ಬಬಲೇಶ್ವರದ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ವಿರುದ್ಧಾರ್ಥಕ ಪದ ಬರೆಯಿರಿ ಎಂದು ಪ್ರತಿ ಪರೀಕ್ಷೆಯಲ್ಲೂ ಐದು ಶಬ್ದ ಕೊಡುತ್ತೇನೆ. ತಪ್ಪು ಬರೆದವರನ್ನು ಬೈಯುತ್ತೇನೆ. ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂಥವಳು ಒಂದು ದಿನ ನನ್ನ ಅತ್ತೆ ಫೋನಿನಲ್ಲಿ ಹೇಳಿದ ನಾಲ್ಕು ಶಬ್ದದ ಕನ್ನಡವನ್ನು ತಿರುವುಮುರುವು ಮಾಡಿಕೊಂಡೆ. ಅದರಿಂದ ಆದದ್ದನ್ನೆಲ್ಲ ಬರೆಯುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ.

ನಮ್ಮ ಮನೆ ವಿಜಯಪುರದ ಹಳೆಯ ಓಣಿಯಲ್ಲಿದೆ. ಹಿತ್ತಲಲ್ಲಿ ಬಾವಿ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಗಡಗಡಿಗೆ ಹಗ್ಗ ಹಾಕಿ ಸೇದುತ್ತಿದ್ದೆವು. ಆಮೇಲೆ ನಮ್ಮ ಮನೆಯವರು ಮೋಟಾರು ಕೂಡಿಸಿ, ಮಾಳಿಗೆಯ ಮೇಲೆ ಟಾಕಿ ಇಟ್ಟು, ಅಡುಗೆಮನೆಗೆ, ಬಚ್ಚಲಿಗೆ, ಹಿತ್ತಲಿಗೆ ನಳ ಹಾಕಿಸಿದರು. ತಿರುವಿದರೆ ನೀರು. ಓಣಿಯ ಸರಕಾರಿ ನಳಕ್ಕೆ ನೀರು ಯಾವಾಗ ಬರುತ್ತದೆ ಎಂದು ನಾವು ಕೇಳಿದವರೇ ಅಲ್ಲ. ಬೇಸಿಗೆಯಲ್ಲಿ ಮಗ್ಗಲ ಮನೆಯ ಚಾಚಿ, ಎದುರು ಮನೆಯವರು, ಎಲ್ಲರೂ ನಮ್ಮ ಹಿತ್ತಲಿಗೆ ಕೊಡ ತಂದು ತುಂಬಿಕೊಂಡು ಹೋಗುತ್ತಿದ್ದರು. ಆಗ ನನಗೆ ಸಣ್ಣ ಸೊಕ್ಕೂ ಇತ್ತು. ಅದನ್ನು ಈಗ ಮುಚ್ಚಿಟ್ಟು ಏನು ಮಾಡುವುದು.

ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ಅವರ ಬಾಯಲ್ಲಿ ಇಲ್ಲ ಎಂಬ ಮಾತು ಬರುವುದಿಲ್ಲ. ಮನೆಯಲ್ಲಿ ಉಪ್ಪು ತೀರಿದರೆ "ಉಪ್ಪು ಹೆಚ್ಚಾಗೇದ" ಎನ್ನುತ್ತಾರೆ. ಜೋಳದ ಹಿಟ್ಟಿನ ಡಬ್ಬಿ ತಳ ಕಂಡರೆ ಹಿಟ್ಟು ಹೆಚ್ಚಾಗಿದೆ, ಕೈಬಳೆ ಒಡೆದರೆ ಬಳೆ ಹೆಚ್ಚಾಗಿದೆ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ನಮ್ಮ ಕಡೆಯ ಹಳೆಯ ಹೆಂಗಸರೆಲ್ಲ ಹೀಗೆಯೇ. ಮನೆಯೊಳಗೆ ನಿಂತು ಇಲ್ಲ, ತೀರಿತು ಎಂದುಬಿಟ್ಟರೆ ಮೇಲಿನಿಂದ ಯಾರೋ ಅಸ್ತು ಎಂದಾರೆಂಬ ಅಂಜಿಕೆ. ನಾನು ಬಂದ ವರ್ಷದಲ್ಲೇ ಇದನ್ನೆಲ್ಲ ಕಲಿತಿದ್ದೆ. ಚೇಷ್ಟೆಯನ್ನೂ ಮಾಡುತ್ತಿದ್ದೆ.

"ಅತ್ತಿ, ಎಣ್ಣಿ ಅಷ್ಟ ಹೆಚ್ಚಾಗಿದ್ರ ಬಜಾರಕ್ಕ ಒಯ್ದು ಮಾರಿ ಬರ್ಲೇನ್ರಿ?"

"ಮಾರ್ಕೊಂಡ ಬಾ ಬೇ. ಬರೂವಾಗ ಎರಡ ಕಿಲೋ ತಗೊಂಡ ಬಾ" ಎನ್ನುತ್ತಿದ್ದರು ಅತ್ತೆ, ನಗದೆ.

ಅವರಿಗೆ ಇನ್ನೊಂದು ಹೆಸರಿತ್ತು ಓಣಿಯಲ್ಲಿ. ಕೂಸಿಗೆ ಎರೆಯುವುದರಲ್ಲಿ ಅವರಂಥ ಕೈ ಇನ್ನೊಂದಿಲ್ಲ ಎಂದು. ನನ್ನ ತಾಯಿ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಚೊಚ್ಚಲ ಬಾಣಂತನಕ್ಕೆ ಹೋಗಲು ನನಗೆ ತವರಿರಲಿಲ್ಲ. ನಾನು ಬಸುರಿ ಎಂದು ತಿಳಿದ ದಿನವೇ ಅತ್ತೆ, "ನಾ ಅದೀನಲ್ಲ ಬೇ, ಎಲ್ಲಿ ಹೋಗ್ತಿ" ಎಂದಿದ್ದರು. ಮೂರು ತಿಂಗಳು ದಿನಾ ಎರಡು ಹಂಡೆ ನೀರು ಕಾಯಿಸಿ ನನಗೂ ಮಗಳಿಗೂ ಎರೆದರು. ನನ್ನ ಬೆನ್ನಿಗೆ ಬಿಸಿನೀರು ಬೀಳುವಾಗ ನಾನು ತಾಯಿಯನ್ನು ನೆನೆದು ಅತ್ತರೆ, ನೀರಿನಲ್ಲಿ ಅತ್ತದ್ದು ಕಾಣುವುದಿಲ್ಲವೆಂದು ಸುಮ್ಮನೆ ಸುರಿಯುತ್ತಲೇ ಇರುತ್ತಿದ್ದರು. ಚಾಚಿಯ ಮೊಮ್ಮಕ್ಕಳಿಗೂ ಅವರೇ ಎರೆದದ್ದು. ಅವರ ಕಾಲ ಮೇಲೆ ಮಲಗಿದ ಯಾವ ಕೂಸೂ ಅಳಲಿಲ್ಲ. ಅದು ಅವರ ಹೆಮ್ಮೆ. ಮಗಳ ಮದುವೆಯಾದಂದಿನಿಂದ ಅತ್ತೆ ಒಂದೇ ಮಾತು ಹಿಡಿದಿದ್ದರು, "ಇಕಿ ಕೂಸಿಗೊಂದ ಎರದು ಹೋಗ್ತೀನಿ." ಹೋಗುವುದು ಎಂದರೆ ಎಲ್ಲಿಗೆ ಎಂದು ನಾವು ಕೇಳುತ್ತಿರಲಿಲ್ಲ.

ಮಗಳನ್ನು ಕೊಟ್ಟದ್ದು ತಿಕೋಟಾಕ್ಕೆ. ದ್ರಾಕ್ಷಿ ಪಡ ಇರುವ ಮನೆತನ, ಒಳ್ಳೆಯ ಜನ. ಕಳೆದ ಮಾರ್ಚಿನಲ್ಲಿ ಏಳನೇ ತಿಂಗಳ ಕುಬಸ ಮಾಡಿ ಅವಳನ್ನು ಕರೆದುಕೊಂಡು ಬರಬೇಕಿತ್ತು. ಆದರೆ ಆ ಹೊತ್ತಿಗೆ ನಮ್ಮ ಬಾವಿಯಲ್ಲಿ ನೀರು ಇಳಿಯತೊಡಗಿತ್ತು. ಓಣಿಯ ಸುತ್ತ ನಾಲ್ಕಾರು ದೊಡ್ಡ ಕಟ್ಟಡ ಎದ್ದು, ಪ್ರತಿಯೊಂದಕ್ಕೂ ಆಳದ ಬೋರು ಬಿದ್ದಿತ್ತು. ನಮ್ಮ ಮೋಟಾರು ಹತ್ತು ನಿಮಿಷ ನೀರೆತ್ತಿ ಕೆಮ್ಮಲು ಶುರು ಮಾಡುತ್ತಿತ್ತು. ಬೀಗತಿಗೂ ಸುದ್ದಿ ಮುಟ್ಟಿತ್ತು. ಕುಬಸದ ದಿನ ನನ್ನನ್ನು ಬದಿಗೆ ಕರೆದು, "ಅಕ್ಕಾರ, ನಿಮ್ಮಲ್ಲಿ ನೀರಿನ ತ್ರಾಸ ಅದ ಅಂತ ಕೇಳೇನ್ರಿ. ಬಾಣಂತನ ಅಂದ್ರ ನೀರಿಂದs ಕೆಲಸ. ಇಲ್ಲೇ ಮಾಡೂಣೇನ್ರಿ?" ಎಂದರು. ಮೃದುವಾಗಿಯೇ ಕೇಳಿದರು. ಆದರೂ ನನಗೆ ಮುಖಕ್ಕೆ ಹೊಡೆದಂತಾಯಿತು. ತವರಿಲ್ಲದೆ ಹಡೆದವಳು ನಾನು, ನನ್ನ ಮಗಳಿಗೆ ತಾಯಿ ಇದ್ದೂ ತವರಿಲ್ಲ ಎಂದರೆ ಏನರ್ಥ. "ಒಂದ ಅಡ್ಡಮಳಿ ಆಗ್ಲಿರಿ, ಬಾವಿ ತಾನs ಸುಧಾರಸ್ತದ. ಆವಾಗ ಕಳಸ್ರಿ" ಎಂದು ಹೇಳಿ ಬಂದೆ. ಅವರು ಒಪ್ಪಿದರು.

ಏಪ್ರಿಲ್ ಮೊದಲ ವಾರದಲ್ಲಿ ಒಂದು ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಗ್ಗೆ ಬಬಲೇಶ್ವರದ ಬಸ್ಸು ಹತ್ತಿದಾಗ ದಾರಿಯ ಹೊಲಗಳಲ್ಲಿ ನೀರು ನಿಂತಿತ್ತು, ನನ್ನ ಎದೆ ಹಗುರವಾಗಿತ್ತು. ಹನ್ನೊಂದರ ಸುಮಾರಿಗೆ ಫಲಿತಾಂಶದ ಹಾಳೆ ತುಂಬುತ್ತ ಕೂತಿದ್ದಾಗ ಅತ್ತೆಯ ಫೋನು ಬಂತು. ಅವರು ಫೋನು ಮಾಡುವುದೇ ಅಪರೂಪ.

"ಬಾವ್ಯಾಗ ನೀರು ಹೆಚ್ಚಾಗ್ಯಾವ ನೋಡವಾ" ಎಂದರು.

ಉಪ್ಪಿಗೆ, ಹಿಟ್ಟಿಗೆ, ಎಣ್ಣೆಗೆ ಆ ಮಾತು ಕೇಳಿದ್ದೆ. ಬಾವಿಗೆ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಐವತ್ತು ವರ್ಷದಲ್ಲಿ ಅತ್ತೆಗೂ ಅದನ್ನು ಹೇಳುವ ಪ್ರಸಂಗ ಬಂದಿರಲಿಲ್ಲ. ರಾತ್ರಿ ಮಳೆಯಾಗಿದೆ, ಬೆಳಗ್ಗೆ ಬಾವಿಯಲ್ಲಿ ನೀರು ಹೆಚ್ಚಾಗಿದೆ. ಇದರಲ್ಲಿ ಇನ್ನೊಂದು ಅರ್ಥ ಹುಡುಕುವವರು ಯಾರು? "ಛಲೋ ಆತಲ್ರಿ ಅತ್ತಿ" ಎಂದೆ. ಆ ಕಡೆಯಿಂದ ಇನ್ನೇನೋ ಹೇಳುತ್ತಿದ್ದರು, ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಫೋನು ಇಟ್ಟೆ. ಇಟ್ಟವಳು ಸುಮ್ಮನಿರಲಿಲ್ಲ. ಮರುದಿನ ಅಮಾವಾಸ್ಯೆ, ಆಮೇಲೆ ಕರೆತರುವುದಕ್ಕೆ ಮತ್ತೆ ದಿನ ನೋಡಬೇಕು. ತಿಕೋಟಾಕ್ಕೆ ಫೋನು ಹಚ್ಚಿ ಬೀಗತಿಗೆ, "ನಮ್ಮ ಬಾವಿ ತುಂಬ್ಯಾದ್ರಿ. ಇವತ್ತs ಕಳಿಸಿಬಿಡ್ರಿ ಮಗಳನ್ನ" ಎಂದೆ. ಸ್ಟಾಫ್ ರೂಮಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ.

ನಾನು ಮನೆ ಮುಟ್ಟುವುದಕ್ಕೂ ಅವರ ಜೀಪು ಓಣಿಗೆ ಬರುವುದಕ್ಕೂ ಸರಿಹೋಯಿತು. ಬೀಗತಿ, ಬೀಗರು, ಅಳಿಯ, ನಡುವೆ ಮಗಳು. ಮಗಳ ಮುಖ ಹೊಳೆಯುತ್ತಿತ್ತು. ಬುಟ್ಟಿಯಲ್ಲಿ ಹೋಳಿಗೆ, ಚೀಲದಲ್ಲಿ ಅವಳ ಮೂರು ತಿಂಗಳ ಬಟ್ಟೆ. ಬಂದವರ ಕಾಲಿಗೆ ನೀರು ಕೊಡಬೇಕಲ್ಲ, ನಾನು ಹಿತ್ತಲಿನ ನಳ ತಿರುವಿದೆ. ಸುಯ್ ಎಂದು ಗಾಳಿ ಬಂತು. ಮೋಟಾರಿನ ಗುಂಡಿ ಒತ್ತಿದೆ. ಅದು ಗುಂಯ್‌ಗುಟ್ಟಿತೇ ಹೊರತು ಟಾಕಿಗೆ ಒಂದು ಹನಿ ಹತ್ತಲಿಲ್ಲ. ಬಾವಿಗೆ ಬಗ್ಗಿ ನೋಡಿದೆ. ತಳದಲ್ಲಿ ಕರಿ ರಾಡಿ, ಅದರಲ್ಲಿ ಅರ್ಧ ಹೂತ ಒಂದು ಹಳೆಯ ಬಕೆಟ್ಟು. ಮೇಲಿನ ಮಳೆ ಕಾಂಕ್ರೀಟಿನ ಮೇಲೆ ಬಿದ್ದು ಗಟಾರಕ್ಕೆ ಹೋಗಿತ್ತು. ಕೆಳಗಿನ ಸೆಲೆ ನಿಂತುಹೋಗಿತ್ತು.

ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. "ಹೇಳಿದ್ನಲ್ಲ ಬೇ, ಹೆಚ್ಚಾಗ್ಯಾವಂತ" ಎಂದರು.

ಕುಡಿಯಲೆಂದು ಹರವಿಯಲ್ಲಿ ಹಿಡಿದಿಟ್ಟ ನೀರಿನಲ್ಲೇ ಒಂದು ತಂಬಿಗೆ ತೆಗೆದು ನಾಲ್ಕು ಜನರ ಕಾಲಿಗೆ ಕೊಟ್ಟೆ. ಬೀಗರು ಪಾದದ ತುದಿಗಷ್ಟೇ ಮುಟ್ಟಿಸಿಕೊಂಡು ತಂಬಿಗೆ ಹಿಂದೆ ಕೊಟ್ಟರು. ನಾಚಿಕೆಯಿಂದ ಸತ್ತುಹೋದೆ ನಾನು. ಚಹ ಆಯಿತು. ಕೊನೆಗೆ ಬೀಗರೇ, "ತಪ್ಪ ತಿಳ್ಕೊಬ್ಯಾಡ್ರಿ ಅಕ್ಕಾರ. ತುಂಬಿದ ಬಸರಿ, ನೀರಿಲ್ಲದ ಮನ್ಯಾಗ ಹೆಂಗ ಬಿಟ್ಟು ಹೋಗೂದ್ರಿ?" ಎಂದರು. ಸುಳ್ಳು ಹೇಳಿದ್ದೇಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಒಂದು ಕಾರಣವಾದರೂ ಇತ್ತು. ಮಗಳು ಚೀಲವನ್ನು ತೊಡೆಯ ಮೇಲಿಂದ ಕೆಳಗೇ ಇಟ್ಟಿರಲಿಲ್ಲ. ಹಾಗೇ ಎತ್ತಿಕೊಂಡು ಎದ್ದಳು. "ಇರ್ಲಿ ಬಿಡವ್ವಾ" ಎಂದಳು, ನನ್ನ ಕೈ ಹಿಡಿದು.

ಜೀಪು ಓಣಿಯ ತಿರುವು ದಾಟಿದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ.

"ಇಲ್ಲ ಅನ್ನಾಕ ಏನಾಗಿತ್ರಿ ನಿಮಗ? ನೀರು ಬತ್ಯಾವ ಅಂದ್ರ ನಾಲಿಗಿ ಸುಡತಿತ್ತೇನು? ಎಲ್ಲಾರ ಮುಂದ ಮಾನಾ ಕಳದ್ರಿ ನಂದು."

"ಗಂಗವ್ವಗ ಹೆಂಗ ಅನ್ನೂದು ಬೇ ಹಂಗ" ಎಂದರು ಅತ್ತೆ, ಬಾವಿಯ ಕಡೆ ನೋಡಿ. ಅಷ್ಟೇ. ನಾನೇ ಅರ್ಧ ಕೇಳಿ ಫೋನು ಇಟ್ಟೆನೆಂಬುದನ್ನು ಅವರು ಎತ್ತಲಿಲ್ಲ. ಅವರು ಎತ್ತಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನನ್ನ ಸಿಟ್ಟಿಗೆ ಎದುರು ಗೋಡೆ ಸಿಗಲಿಲ್ಲ, ಅದು ತಿಂಗಳುಗಟ್ಟಲೆ ಹರಿಯಿತು.

ಬಾವಿಯನ್ನು ಬಿಟ್ಟುಕೊಡಲು ನಮ್ಮ ಮನೆಯವರಿಗೆ ಮನಸ್ಸಿರಲಿಲ್ಲ. ಅವರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ದೊಡ್ಡ ದನಿ ತೆಗೆಯದ ಮನುಷ್ಯ. ಅರಕೇರಿಯಿಂದ ಹೂಳು ತೆಗೆಯುವ ಇಬ್ಬರನ್ನು ಕರೆಸಿದರು. ಎರಡು ದಿನ ರಾಡಿ ಮೇಲೆ ಬಂತು. ಮೂರನೇ ದಿನ ಹಾರೆಗೆ ಕಲ್ಲು ಹತ್ತಿತು. ಮೇಲೆ ಬಂದವನು ಮುಖ ಒರೆಸಿಕೊಂಡು, "ಸಾಹೇಬ್ರ, ಕೆಳಗ ಒಣಾ ಅದರಿ. ಸೆಲಿ ಬ್ಯಾರೆ ಕಡೆ ಹೊಳ್ಳೇದ" ಎಂದ. ಅತ್ತೆ ಅವನಿಗೆ ರೊಟ್ಟಿ ಬಡಿಸಿ, ಬಾವಿಯ ಕಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ ಒಳಗೆ ಹೋದರು. ಊದಿನಕಡ್ಡಿ ಹಚ್ಚಿಟ್ಟಿದ್ದರು, ಅದು ಉರಿದು ತೀರುವ ತನಕ ನಾನೇ ಅಲ್ಲಿ ನಿಂತಿದ್ದೆ. ಮನೆಯಲ್ಲಿ ಒಂದು ಸಾವು ಆದ ಹಾಗಿತ್ತು.

ಆಮೇಲೆ ನಮ್ಮದೂ ಎಲ್ಲರ ಬಾಳೇ ಆಯಿತು. ಅಂಗಳದಲ್ಲಿ ಎರಡು ನೀಲಿ ಡ್ರಮ್ಮು. ಸರಕಾರಿ ನಳಕ್ಕೆ ನೀರು ಬಂದ ದಿನ ಬಂತು, ಇಲ್ಲದ ದಿನ ಟ್ಯಾಂಕರಿಗೆ ಕಾಯುವುದು. ಟ್ಯಾಂಕರಿನ ಹಾರ್ನು ಕೇಳಿದರೆ ರೊಟ್ಟಿ ಹಂಚಿನ ಮೇಲೆ ಬಿಟ್ಟು ಕೊಡ ಎತ್ತಿಕೊಂಡು ಓಡುವುದು. ನಮ್ಮ ಹಿತ್ತಲಲ್ಲಿ ತುಂಬಿಕೊಂಡು ಹೋಗುತ್ತಿದ್ದ ಚಾಚಿ ಈಗ ನನಗೆ ಸರದಿ ಹಿಡಿದಿಡುತ್ತಿದ್ದಳು. ಕೈ ತಪ್ಪಿ ನಳ ತಿರುವುವ ಚಟ ಮಾತ್ರ ಹೋಗಲಿಲ್ಲ. ಕೈ ರಾಡಿಯಾದಾಗಲೆಲ್ಲ ನಳದ ಕೆಳಗೆ ಹಿಡಿಯುತ್ತಿದ್ದೆ, ಏನೂ ಬರುತ್ತಿರಲಿಲ್ಲ.

ರಜೆ ಶುರುವಾಗಿತ್ತು. ಶಾಲೆಯಿಲ್ಲದ ಮಾಸ್ತರಿಕೆಯನ್ನು ನಾನು ಮನೆಯಲ್ಲಿ ತೋರಿಸಿದೆ. ಡ್ರಮ್ಮಿನ ಮೈಮೇಲೆ ಗೆರೆ ಎಳೆದೆ, ಇವತ್ತು ಇಲ್ಲಿಯವರೆಗೆ, ನಾಳೆ ಇಲ್ಲಿಯವರೆಗೆ. ಸ್ನಾನಕ್ಕೆ ಒಬ್ಬರಿಗೆ ಅರ್ಧ ಬಕೆಟ್ಟು. ಪಾತ್ರೆ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಪಾಯಖಾನೆಗೆ. ಗಂಡ ತಲೆ ಅಲ್ಲಾಡಿಸಿ ಒಪ್ಪಿಕೊಂಡರು. ಕಷ್ಟವಾದದ್ದು ಅತ್ತೆಯದು. ಅವರ ಕೈ ಧಾರಾಳ. ಹೊಸ್ತಿಲಿಗೆ ಒಂದು ತಂಬಿಗೆ, ತುಳಸಿಗೆ ಒಂದು ತಂಬಿಗೆ, ಹೊರಗಿನಿಂದ ಬಂದರೆ ಕಾಲಿಗೆ ಎರಡು. ಅವರು ಡ್ರಮ್ಮಿನ ಕಡೆಗೆ ಹೋದರೆ ಸಾಕು, ಎಲ್ಲಿದ್ದರೂ ನಾನು ಬಂದು ನಿಲ್ಲುತ್ತಿದ್ದೆ.

"ಅರ್ಧಾ ತಗೋರಿ."

"ಅತ್ತೀ, ಸಾಕ್ರಿ."

"ಎಷ್ಟ ಸುರೀತೀರ್ರಿ? ನಿಮ್ಮಪ್ಪನ ಮನಿಯಿಂದ ಬರ್ತಾವೇನು ನೀರು?"

ಈ ಕೊನೆಯ ಮಾತನ್ನು ಚಾಚಿಯ ಎದುರಿಗೇ ಆಡಿದೆ. ಚಾಚಿ ಕೊಡ ಎತ್ತಿಕೊಂಡು ಹೊರಟುಹೋದಳು. ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಡ್ರಮ್ಮಿಗೆ ಮರಳಿ ಸುರಿದರು, ಒಂದು ಹನಿ ಹೊರಗೆ ಬೀಳದ ಹಾಗೆ. ಅವರಿಗೆ ಎಂಬತ್ತು ವರ್ಷ, ನನ್ನ ತಾಯಿಯ ಜಾಗದಲ್ಲಿ ನಿಂತು ನನಗೆ ನೀರು ಹಾಕಿದವರು. ಇದೆಲ್ಲ ನನಗೆ ಆಗ ನೆನಪಾಗಲಿಲ್ಲ ಎಂದು ಹೇಳಲಾರೆ. ನೆನಪಾಗಿತ್ತು. ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು. ಮಗಳು ತಿಕೋಟಾದಲ್ಲಿ ಕೂತಿದ್ದಾಳೆ, ಅದಕ್ಕೆ ಇವರೇ ಕಾರಣ ಎಂದು ನನ್ನ ತಲೆಯಲ್ಲಿ ಹೊಕ್ಕುಬಿಟ್ಟಿತ್ತು.

ಅತ್ತೆ ಕಲಿತರು. ತಂಬಿಗೆ ಬಿಟ್ಟು ಲೋಟ ಹಿಡಿದರು. ಮುಖ ತೊಳೆಯುವಾಗ ಎಡಗೈಯನ್ನು ಬೊಗಸೆ ಮಾಡಿ ಕೆಳಗೆ ಹಿಡಿದು, ಬಿದ್ದ ನೀರನ್ನೇ ಮತ್ತೆ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು. ಹೊಸ್ತಿಲಿಗೆ ಬೆರಳಿನಿಂದ ಸಿಂಪಡಿಸಿ ಮುಗಿಸುತ್ತಿದ್ದರು. ದಿನ ಬಿಟ್ಟು ದಿನ ಸ್ನಾನ ಮಾಡಿ, ದಿನಾ ಮಾಡಿದೆನೆಂದು ನನಗೆ ಸುಳ್ಳು ಹೇಳುತ್ತಿದ್ದರು. ಅದು ನನಗೆ ತಿಳಿದಿತ್ತು, ನಾನು ಬಾಯಿ ಬಿಡಲಿಲ್ಲ. ಮೇ ತಿಂಗಳ ಒಂದು ಸಂಜೆ ಡ್ರಮ್ಮಿನ ನೀರು ಗೆರೆಗಿಂತ ಮೇಲೆಯೇ ನಿಂತದ್ದು ಕಂಡು, "ಶಾಣ್ಯಾ ಆದ್ರಿ ನೋಡ್ರಿ ಅತ್ತಿ" ಎಂದೆ, ವರ್ಗದಲ್ಲಿ ದಡ್ಡ ಹುಡುಗಿಗೆ ಹೇಳುವ ಹಾಗೆ. ಅವರು ನಕ್ಕರು. ನನಗೆ ಅದರಿಂದ ಸಮಾಧಾನವಾಯಿತು ಎಂದು ಬರೆಯುವಾಗ ಈಗ ಮೈ ಉರಿಯುತ್ತದೆ.

ಮೇ ಕೊನೆಗೆ ಮಗಳು ವಿಜಯಪುರದ ದವಾಖಾನೆಯಲ್ಲಿ ಹಡೆದಳು. ಹೆಣ್ಣು ಕೂಸು. ದವಾಖಾನೆಯಿಂದ ನಮ್ಮ ಮನೆ ನಡೆದು ಹೋಗುವಷ್ಟು ದೂರ. ಅತ್ತೆ ದಿನಾ ಬಂದು ಕೂಸಿನ ಪಾದ ಮುಟ್ಟಿ ಹೋಗುತ್ತಿದ್ದರು. ಬಿಡುಗಡೆಯಾದ ದಿನ ಜೀಪು ದವಾಖಾನೆಯ ಗೇಟು ದಾಟಿ ನಮ್ಮ ಓಣಿಯ ಕಡೆಗೆ ಹೊರಳದೆ ತಿಕೋಟಾ ರಸ್ತೆ ಹಿಡಿಯಿತು. ನಾನು, ಅತ್ತೆ ಪಾದಚಾರಿ ದಾರಿಯ ಮೇಲೆ ನಿಂತು ನೋಡಿದೆವು. "ಕೂಸಿಗೆ ಅಲ್ಲಿ ಯಾರ ಎರಿತಾರಂತ?" ಎಂದು ಕೇಳಿದರು ಅತ್ತೆ. ಯಾರೋ ಹೆಣ್ಣುಮಗಳನ್ನು ಹಚ್ಚಿದ್ದಾರೆ ಎಂದೆ. "ಛಲೋ ಆತು" ಎಂದು ಮನೆಯ ಕಡೆಗೆ ನಡೆದರು.

ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ನಾವು ಮುಂಜಾನೆಯೇ ತಿಕೋಟಾ ಮುಟ್ಟಿದೆವು. ಬೀಗತಿ ದೊಡ್ಡ ಮನಸ್ಸಿನ ಹೆಂಗಸು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅತ್ತೆಯ ಕೈ ಹಿಡಿದು, "ಯವ್ವಾ, ಇವತ್ತ ಕೂಸಿಗೆ ನೀವs ಎರೀರಿ. ನಿಮ್ಮ ಮೊಮ್ಮಗಳು ದಿನಾ ನಿಮ್ಮ ಕೈ ಹೊಗಳತಾಳ" ಎಂದರು. ಅತ್ತೆ ತಡಮಾಡಲಿಲ್ಲ. ಸೀರೆ ಮೊಣಕಾಲ ಮೇಲೆ ಎತ್ತಿ ಸಿಕ್ಕಿಸಿಕೊಂಡು, ಬಚ್ಚಲ ಮಣೆಯ ಮೇಲೆ ಕೂತು, ಕಾಲು ಚಾಚಿದರು. ಬಗಲಿಗೆ ತಾಮ್ರದ ಹಂಡೆ, ಕಂಠದ ತನಕ ಬಿಸಿನೀರು. ಹಿಂದೆ ಗೋಡೆಗೆ ನಳ, ಅದು ತೊಟ್ಟಿಕ್ಕುತ್ತಿತ್ತು. ಬಾಗಿಲಲ್ಲಿ ಮಗಳು, ಬೀಗತಿ, ದಿನಾ ಎರೆಯುವ ಹೆಣ್ಣುಮಗಳು, ನಾನು.

ಎಣ್ಣೆ ಹಚ್ಚಿದ ಕೂಸನ್ನು ಅತ್ತೆ ಕಾಲ ಮೇಲೆ ಬೋರಲು ಹಾಕಿಕೊಂಡರು. ತಿಕ್ಕುವ ಕೈ ಮೊದಲಿನದೇ, ಕೂಸು ಕಣ್ಣು ಮುಚ್ಚಿತು. ಮಗಳು ನನ್ನ ತೋಳು ಹಿಡಿದು ನಕ್ಕಳು. ಆಮೇಲೆ ನೀರು. ಕೂಸಿಗೆ ಎರೆಯುವಾಗ ಧಾರೆ ತುಂಡಾಗಬಾರದು. ಒಂದು ತಂಬಿಗೆ ಮುಗಿಯುವುದರೊಳಗೆ ಇನ್ನೊಂದು ಬೀಳಬೇಕು. ನಡುವೆ ನಿಂತರೆ ಒದ್ದೆ ಮೈಗೆ ಗಾಳಿ ಹತ್ತಿ ಕೂಸು ಬೆಚ್ಚುತ್ತದೆ. ಇದನ್ನು ನನಗೆ ಕಲಿಸಿದವರೇ ಅತ್ತೆ. ಅವರು ಅರ್ಧ ತಂಬಿಗೆ ತೆಗೆದರು. ಎಡಗೈ ಬೊಗಸೆ ಮಾಡಿ ಕೂಸಿನ ಬೆನ್ನ ಬಗಲಿಗೆ ಹಿಡಿದು, ಸಣ್ಣಗೆ, ಎಳೆಯ ಹಾಗೆ ಬಿಟ್ಟರು. ಬೊಗಸೆಯಲ್ಲಿ ನಿಂತದ್ದನ್ನು ಮತ್ತೆ ಬೆನ್ನಿಗೆ ಸವರಿದರು. ನಿಂತರು. ಮತ್ತೆ ಅರ್ಧ ತಂಬಿಗೆ. ಕೂಸು ನಡುಗಿತು. ಆಮೇಲೆ ಚೀರಿ ಅಳತೊಡಗಿತು.

"ಸುರೀರಿ ಯವ್ವಾ, ನೀರು ಬೇಕಾದಷ್ಟ ಅದಾವ" ಎಂದರು ಬೀಗತಿ.

ಅತ್ತೆ ತಂಬಿಗೆಯನ್ನು ಹಂಡೆಯಲ್ಲಿ ಪೂರ್ತಿ ಮುಳುಗಿಸಿ ಎತ್ತಿದರು. ಕೂಸಿನ ಮೇಲೆ ತಂದರು. ಬಗ್ಗಿಸಬೇಕು, ಮುಂಗೈ ಅಲ್ಲಿಗೇ ನಿಂತುಬಿಟ್ಟಿತು. ತಂಬಿಗೆ ಹಿಡಿದುಕೊಂಡೇ ತಲೆಯೆತ್ತಿ ನನ್ನ ಕಡೆ ನೋಡಿದರು. ಸುರಿಯಲೇ ಎಂದು ಕೇಳುವ ನೋಟ. ಸುರೀರಿ ಅತ್ತಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎರೆಯುವ ಹೆಣ್ಣುಮಗಳು ಮುಂದೆ ಬಂದು, "ಕೊಡ್ರಿ ಅಜ್ಜಿ, ಥಂಡಿ ಆಗ್ತದ" ಎಂದು ಕೂಸನ್ನು ಎತ್ತಿಕೊಂಡು ತನ್ನ ಕಾಲ ಮೇಲೆ ಹಾಕಿಕೊಂಡಳು. ದಬದಬ ನೀರು ಬಿತ್ತು. ಕೂಸು ಸುಮ್ಮನಾಯಿತು.

ಅತ್ತೆ ಗೋಡೆ ಹಿಡಿದು ಎದ್ದು, ಒದ್ದೆ ಸೀರೆಯ ಸೆರಗು ಹಿಂಡಿಕೊಂಡರು. ಬೀಗತಿ ಅವರ ಭುಜಕ್ಕೆ ಟವೆಲು ಹಾಕಿ, "ಇರ್ಲಿ ಬಿಡ್ರಿ ಯವ್ವಾ. ವಯಸ್ಸಾದ ಮ್ಯಾಲ ಕೈ ಮೊದಲಿನಂಗ ಹೆಂಗ ನಡೀತಾವ" ಎಂದರು.

"ಹೌದ್ರವಾ" ಎಂದರು ಅತ್ತೆ. "ಕೈಯಾಗ ಕಸುವು ಉಳದಿಲ್ಲ. ವಯಸ್ಸಾತು."

ಮೂರು ವಾರದ ಹಿಂದಷ್ಟೇ ತುಂಬಿದ ಕೊಡವನ್ನು ಟ್ಯಾಂಕರಿನಿಂದ ಅಂಗಳದವರೆಗೆ ಸೊಂಟದ ಮೇಲೆ ಹೊತ್ತು ತಂದವರು ಅವರು. ಮಗಳು ನನ್ನ ಕಡೆ ತಿರುಗಿ, "ಅಜ್ಜಿ ಕೈಗೆ ಏನಾಗೇದವ್ವಾ? ಹೋದ ವರ್ಷ ಛಲೋ ಇದ್ಳಲ್ಲ" ಎಂದು ಕೇಳಿದಳು. ಅತ್ತೆ ಅಲ್ಲೇ ನಿಂತಿದ್ದರು, ಬೀಗತಿಯೂ ನನ್ನ ಮುಖವನ್ನೇ ನೋಡುತ್ತಿದ್ದರು.

"ವಯಸ್ಸಾತಲ್ಲವಾ" ಎಂದೆ ನಾನು.